ವೈನಿ ನೋಡಿದ ಹೈದರಾಬಾದ್

ಮೊನ್ನೆ ದಸರಾ ರಜೆಯಲ್ಲಿ ನನ್ನ ಹೆಂಡತಿಯ ತಂಗಿ ಮಗಳು ಮೈಸೂರಿನಿಂದ ಬಂದಿದ್ದಳು. ಬಂದವಳು ಬ್ಯಾಗು ಇಳಿಸಿ ಕೈಕಾಲು ತೊಳೆಯುವ ಮೊದಲೇ ಫೋನನ್ನು ನನ್ನ ಮೂಗಿನ ತನಕ ತಂದು, “ದೊಡ್ಡಪ್ಪ, ಮೆಟ್ರೊದಲ್ಲಿ ರಜಾ ದಿನದ ಪಾಸು ಸಿಗುತ್ತಂತೆ. ಎಷ್ಟು ಸಲ ಬೇಕಾದ್ರೂ ಹತ್ತಿ ಇಳೀಬಹುದಂತೆ. ಕೋಟೆ, ಗೋರಿ, ಮ್ಯೂಸಿಯಂ ಎಲ್ಲಾ ನೀವೇ ತೋರಿಸ್ಬೇಕು” ಎಂದಳು.

ಇಪ್ಪತ್ತು ವರ್ಷಕ್ಕೂ ಮೇಲೆ ಹೈದರಾಬಾದಿನಲ್ಲಿ ಕಳೆದಿರುವ ನನಗೆ ಪ್ರೇಕ್ಷಣೀಯ ಸ್ಥಳಗಳ ಹೆಸರೆತ್ತಿದರೆ ಮೊಣಕಾಲು ನೋಯಲು ಶುರುವಾಗುತ್ತದೆ. ಮೊಣಕಾಲು ನೋವು ಸುಳ್ಳಲ್ಲ, ಬೇಕಾದರೆ ಎಕ್ಸ್‌ರೇ ತೋರಿಸುತ್ತೇನೆ. ಆದರೆ ಕೋಠಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೆದಕುತ್ತ ಮಧ್ಯಾಹ್ನವೆಲ್ಲ ಕುಕ್ಕರುಗಾಲಿನಲ್ಲಿ ಕೂರುವಾಗ ಬಾರದ ನೋವು ಗೋಲ್ಕೊಂಡ ಎಂದೊಡನೆ ಎಲ್ಲಿಂದ ಬರುತ್ತದೆ ಎಂದು ನನ್ನ ಹೆಂಡತಿ ಕೇಳುವುದಿಲ್ಲ. ಅವಳಿಗೆ ಗೊತ್ತು. ಹುಡುಗಿಯನ್ನು ತಾನೇ ಕರೆದುಕೊಂಡು ಹೋದಳು. ನಾನು ಮನೆಯಲ್ಲಿ ಉಳಿದೆ. ಪಾಸು ಎನ್ನುವ ಮಾತೂ ನನ್ನ ಜೊತೆ ಉಳಿಯಿತು.

ನಾನು ಈ ಊರಿಗೆ ಬಂದ ಹೊಸದರಲ್ಲಿ ಪಾಸು ಫೋನಿನೊಳಗೆ ಇರುತ್ತಿರಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರು ಒಂದು ತೆಳು ಕಾಗದವನ್ನು ಹರಿದು, ಅದರ ಮೇಲೆ ಪೆನ್ನಿನಿಂದ ಗೀಚಿ ಕೊಡುತ್ತಿದ್ದ. ಅದು ಕೈಯಲ್ಲಿದ್ದರೆ ಆ ದಿನವೆಲ್ಲ ಯಾವ ಬಸ್ಸು ಹತ್ತಿದರೂ ಯಾರೂ ಕೇಳುವಂತಿಲ್ಲ. ಕೊಡುವ ಮೊದಲು ಅವನು ವಯಸ್ಸು ಕೇಳಿ ಬರೆದುಕೊಳ್ಳುತ್ತಿದ್ದ. ನನ್ನ ವೈನಿ, ಎಂದರೆ ನನ್ನ ಅಣ್ಣನ ಹೆಂಡತಿ ಗಿರಿಜಾ, ಒಂದು ದಿನ ಹೇಳಿದ ವಯಸ್ಸನ್ನು ಇನ್ನೊಂದು ದಿನ ಹೇಳಿದವರಲ್ಲ. ಒಂದು ದಿನ ಮೂವತ್ತು. ಮರುದಿನ ಐವತ್ತೈದು. ಕಂಡಕ್ಟರು ತಲೆಯೆತ್ತಿ ನೋಡಿದರೆ, ಇವರು ಸೆರಗನ್ನು ಹಣೆಯ ತನಕ ಎಳೆದುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು.

“ಯಾಕ್ರೀ ವೈನಿ, ಖರೇ ವಯಸ್ಸು ಹೇಳ್ಬಾರದೇನು?” ಎಂದು ನಾನು ಕೇಳಿದ್ದಕ್ಕೆ, “ಖರೇದು ದವಾಖಾನ್ಯಾಗ ಬರಸೀವಲ್ಲ, ಅಲ್ಲಿ ಆತು. ಇಲ್ಲೂ ಅದೇ ಆದ್ರ ಬ್ಯಾಸರಾಗತೈತಿ” ಎಂದಿದ್ದರು.

ಅಲ್ಲಿ ಬರೆಸಿದ್ದು ಮೂವತ್ತಾರು.

ನಮ್ಮದು ರಾಯಚೂರು. ಕೋಟೆಯ ಗೋಡೆಗೆ ಆತುಕೊಂಡ ಓಣಿಯಲ್ಲಿ ಮನೆ. ಹುಟ್ಟಿದಾಗಿನಿಂದ ಆ ಕಲ್ಲುಗಳನ್ನು ನೋಡಿದ್ದರಿಂದ ನಾವು ಯಾರೂ ಅದನ್ನು ನೋಡಿರಲಿಲ್ಲ. ಕೋಟೆ ಎಂದರೆ ನಮಗೆ ಮೇಕೆಗಳು ಹತ್ತುವ ಜಾಗ, ಹಪ್ಪಳ ಒಣಗಿಸಲು ಬಿಸಿಲು ಬೇಗ ಬರುವ ಜಾಗ. ವೈನಿ ಮದುವೆಯಾಗಿ ಬಂದಾಗ ನಾನು ನಾಲ್ಕನೇ ಇಯತ್ತೆ. ಅವ್ವ ಇರಲಿಲ್ಲ. ಬಂದ ಹೊಸದರಲ್ಲೇ ಒಂದು ಮಧ್ಯಾಹ್ನ ವೈನಿ ನನ್ನನ್ನು ಕರೆದು, “ಪಂಪ್ಯಾ, ಆ ಗ್ವಾಡಿ ಯಾರು ಕಟ್ಸಿದ್ದು?” ಎಂದರು. ನಾನು ಸ್ವಲ್ಪವೂ ತಡವರಿಸದೆ, “ಮುನ್ಸಿಪಾಲಿಟಿಯವ್ರು” ಎಂದೆ. ಈ ಉತ್ತರವನ್ನು ಅವರು ಮುಂದೆ ನನ್ನ ಮದುವೆಯ ಮಾತುಕತೆಗೆಂದು ಬಂದ ಹೆಣ್ಣಿನ ಕಡೆಯವರ ಮುಂದೆ ಕೂಡ ಹೇಳಿ ನಕ್ಕಿದ್ದಾರೆ. ಆ ಸಂಬಂಧ ಕೂಡಿಬರಲಿಲ್ಲ. ಕಾರಣ ಅದೇ ಎಂದು ನಾನು ಹೇಳುವುದಿಲ್ಲ.

ಹತ್ತನೇ ತರಗತಿ ಮುಗಿಸಿ ಅವರ ಓದು ನಿಂತಿತ್ತು. ಲಿಂಗಸುಗೂರಿನ ಕಡೆಯ ಅವರ ಶಾಲೆಯಲ್ಲಿ ಇತಿಹಾಸ ಕಲಿಸುವ ಮೇಷ್ಟ್ರು ಒಬ್ಬರು ಪಾಠ ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಿದ್ದರಂತೆ. ಹೈದರಾಬಾದಿನ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನಿಂದ ತಂದ ಒಂದು ಹೆಣ ಇದೆ, ಸಾವಿರಾರು ವರ್ಷವಾದರೂ ಕೆಟ್ಟಿಲ್ಲ, ರಾಣಿಯದು ಎಂದು ಹೇಳಿದ್ದರಂತೆ. ವೈನಿ ಅದನ್ನು ನನಗೆ ಹೇಳುವಾಗ ಆ ರಾಣಿ ಮನೆಯ ಜಂತಿಗೆ ತಲೆ ತಾಕುವಷ್ಟು ಎತ್ತರವಾಗಿದ್ದಳು. ಮೈತುಂಬ ಬಂಗಾರ. ನಾನು ಆ ದಿನಗಳಲ್ಲಿ ಬಚ್ಚಲಿಗೆ ಒಬ್ಬನೇ ಹೋಗುತ್ತಿರಲಿಲ್ಲ.

ಇನ್ನು ನನ್ನ ವಿಷಯ. ಎಂಜಿನಿಯರಿಂಗ್ ಮುಗಿಸಿ ನಾನು ಹೈದರಾಬಾದಿಗೆ ಬಂದಾಗ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ದಿನವೂ ಮಧ್ಯಾಹ್ನ ಬಂಡೆಗೆ ಮದ್ದು ಇಟ್ಟು ಸಿಡಿಸುತ್ತಿದ್ದರು. ನಮ್ಮ ಚಹಾದ ಲೋಟಗಳು ಮೇಜಿನ ಮೇಲೆ ತಾವಾಗಿಯೇ ಸರಿಯುತ್ತಿದ್ದವು. ಪಂಪಾಪತಿ ಎನ್ನುವ ನನ್ನ ಹೆಸರು ಅಮೆರಿಕದವರ ಬಾಯಲ್ಲಿ ಹಿಡಿಸುವುದಿಲ್ಲವೆಂದು ಆಫೀಸಿನಲ್ಲಿ ನನ್ನನ್ನು ಪ್ಯಾಟ್ ಎಂದು ಮಾಡಿದ್ದರು. ಕೊರಳಲ್ಲಿ ಫೋಟೊ ಇರುವ ಪಟ್ಟಿ ತೂಗುಹಾಕಿಕೊಂಡು ನಾರಾಯಣಗೂಡದ ಬಾಡಿಗೆ ಮನೆಯ ಮೆಟ್ಟಿಲು ಇಳಿಯುವಾಗ ನನ್ನ ನಡಿಗೆಯೇ ಬೇರೆಯಾಗಿದ್ದಿರಬೇಕು ಎಂದು ವೈನಿ ಆಮೇಲೆ ಆಡಿಕೊಂಡರು. ಅವರು ಹಾಗೆ ಆಡಿಕೊಳ್ಳುವ ಹೊತ್ತಿಗೆ ನಡಿಗೆ ಮೊದಲಿನಂತಾಗಿತ್ತು. ಅಮೆರಿಕದಲ್ಲಿ ಮಾರುಕಟ್ಟೆ ಬಿದ್ದು, ನಾನು ಮಾಡುತ್ತಿದ್ದ ಕೆಲಸ ಒಂದು ದಿನ ಇದ್ದಕ್ಕಿದ್ದಂತೆ ಮುಗಿದುಹೋಗಿ, ನನ್ನನ್ನು ಬೆಂಚಿಗೆ ಹಾಕಿದ್ದರು. ಬೆಂಚು ಎಂದರೆ ಸಂಬಳ ಉಂಟು, ಕೆಲಸ ಇಲ್ಲ. ಹೊಸ ಕೆಲಸ ಬಂದರೆ ಕರೆಯುತ್ತಾರೆ, ಬಾರದಿದ್ದರೆ ಒಂದು ದಿನ ಸಂಬಳವೂ ಇಲ್ಲ ಎಂದು ಹೇಳಲು ಕರೆಯುತ್ತಾರೆ. ಬೆಂಚಿನ ಮೇಲಿರುವವರು ಹೆಚ್ಚಾಗಿ, ಕೂರಲು ಕುರ್ಚಿ ಸಾಲದೆ, “ಮನೆಯಲ್ಲೇ ಇರಿ, ಕರೆದಾಗ ಬನ್ನಿ” ಎಂದು ಕಳಿಸಿದ್ದರು.

ಅದೇ ಹೊತ್ತಿಗೆ ಅಣ್ಣ ವೈನಿಯನ್ನು ಕರೆತಂದ. ಎದೆಯ ಗಂಟಿಗೆ ಆಪರೇಷನ್ ಆಗಿತ್ತು. ಔಷಧಿ ಏರಿಸಿದ್ದೂ ಮುಗಿದಿತ್ತು. ಇನ್ನು ಐದಾರು ವಾರ ಕರೆಂಟ್ ಕೊಡಬೇಕು ಎಂದಿದ್ದರು. ರೇಡಿಯೇಷನ್ ಎನ್ನುವುದಕ್ಕೆ ನಮ್ಮ ಕಡೆ ಎಲ್ಲರೂ ಹೇಳುವುದು ಕರೆಂಟ್ ಎಂದೇ. ಅಣ್ಣನಿಗೆ ರಾಯಚೂರಿನಲ್ಲಿ ಬಟ್ಟೆ ಅಂಗಡಿ. ಮಾತು ಕಡಿಮೆ. ಅಂಗಡಿಯಲ್ಲೂ ಅವನು ಗಿರಾಕಿಗಳಿಗೆ ಬಟ್ಟೆ ಬಿಚ್ಚಿ ಹಾಸುತ್ತಾನೆಯೇ ಹೊರತು ಚೆನ್ನಾಗಿದೆ ಎನ್ನುವುದಿಲ್ಲ. ಮೂರು ದಿನ ಇದ್ದು, ಹೋಗುವಾಗ ನನ್ನ ಭುಜದ ಮೇಲೆ ಕೈ ಇಟ್ಟು, “ನೀ ಅದಿಯಲ್ಲ” ಎಂದ. ಅಷ್ಟೇ.

ಆಸ್ಪತ್ರೆಯಲ್ಲಿ ಬೆಳಿಗ್ಗೆ ಬೇಗ ಸರದಿ. ಒಳಗೆ ಹೋದರೆ ಕೆಲವೇ ನಿಮಿಷ. ಹೊರಗೆ ಬಂದ ಮೇಲೆ ಇಡೀ ದಿನ ಖಾಲಿ. ವೈನಿಯ ಮೈಮೇಲೆ ಕರೆಂಟು ಎಲ್ಲಿ ಬೀಳಬೇಕೆಂದು ನೇರಳೆ ಶಾಯಿಯ ಗೆರೆ ಎಳೆದಿದ್ದರು, ಅದನ್ನು ತೊಳೆಯುವಂತಿಲ್ಲ. “ನನ್ನ ಮೈಮ್ಯಾಲೆ ನಕಾಶಿ ಬರದಾರ ನೋಡು. ಯಾವ ಊರು, ಎಲ್ಲಿ ನದಿ, ಎಲ್ಲಿ ರೈಲು, ಏನೂ ತಿಳೀವಲ್ದು” ಎಂದು ನಕ್ಕರು. ಮೊದಲ ವಾರ ನಾವು ಆಸ್ಪತ್ರೆಯಿಂದ ನೇರವಾಗಿ ನಾರಾಯಣಗೂಡದ ಕೋಣೆಗೆ ಬಂದು, ಗೋಡೆಗೆ ಒರಗಿ ಎದುರುಬದುರು ಕೂರುತ್ತಿದ್ದೆವು. ಕೆಳಗಿನ ಕೋಚಿಂಗ್ ಸೆಂಟರಿನಲ್ಲಿ ಮಕ್ಕಳು ಭೌತಶಾಸ್ತ್ರದ ಸೂತ್ರಗಳನ್ನು ತೆಲುಗಿನಲ್ಲಿ ಬಾಯಿಪಾಠ ಮಾಡುತ್ತಿದ್ದರು. ನಾನು ಫೋನು ಬರುತ್ತದೆಂದು ಕಾಯುತ್ತಿದ್ದೆ. ವೈನಿ ಏನನ್ನು ಕಾಯುತ್ತಿದ್ದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಸೋಮವಾರ ಬಸ್ಸಿನಲ್ಲಿ ಕಂಡಕ್ಟರು ಯಾರಿಗೋ ಪಾಸು ಹರಿದು ಕೊಡುವುದನ್ನು ನೋಡಿ, “ಏನದು?” ಎಂದರು. ಹೇಳಿದೆ.

“ದಿನಾ ಪೂರ್ತಿ?”

“ದಿನಾ ಪೂರ್ತಿ.”

“ಹಂಗಾರ ನಮಗೂ ಎರಡು ತಗಿ. ಆ ಕ್ವಾಣ್ಯಾಗ ಕುಂತ್ರ ನಾ ಜಡ್ಡಿಗಲ್ಲ, ನಿನ್ನ ಮಾರಿ ನೋಡೇ ಸಾಯ್ತೀನಿ.”

ಹಾಗೆ ಶುರುವಾಯಿತು. ಡಿಸೆಂಬರಿನ ಬಿಸಿಲು, ಹಿತವಾಗಿತ್ತು. ಆದರೂ ಕರೆಂಟು ಬಿದ್ದ ಕಡೆ ಚರ್ಮ ಕಪ್ಪಾಗಿ ಉರಿಯುತ್ತಿದ್ದುದರಿಂದ ವೈನಿ ನೆರಳಿನಿಂದ ನೆರಳಿಗೆ ನಡೆಯುತ್ತಿದ್ದರು. ಉದುರಿದ ಕೂದಲು ಇನ್ನೂ ಬಂದಿರಲಿಲ್ಲ, ತಲೆಯ ಮೇಲಿನ ಸೆರಗು ಸರಿಯುವಂತಿರಲಿಲ್ಲ. ಹಳೇ ಊರಿನ ಓಣಿಗಳಲ್ಲಿ ಅವರನ್ನು ಎಲ್ಲರೂ ‘ಆಪಾ’, ಎಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ವೈನಿಯೂ ರಾಯಚೂರಿನ ಬಜಾರಿನಲ್ಲಿ ಕಲಿತ ದಖನಿ ಉರ್ದುವಿನಲ್ಲಿ ಅವರಿಗೆ ಸರಿಸಾಟಿಯಾಗಿ ಮಾತಾಡುತ್ತಿದ್ದರು. ನಾನು ಬಾಯಿ ತೆರೆದರೆ ಮಾತ್ರ ನಾವು ಹೊರಗಿನವರೆಂದು ಗೊತ್ತಾಗುತ್ತಿತ್ತು.

ಚಾರ್‌ಮಿನಾರಿನ ಪಕ್ಕದ ಬಳೆ ಬಜಾರಿನಲ್ಲಿ ಒಬ್ಬಾಕೆ ಅರಗಿನ ಬಳೆಗಳನ್ನು ವೈನಿಯ ಎಡಗೈಗೆ ಏರಿಸಿ, “ದೂಸ್ರಾ ಹಾಥ್ ದೇವ್ ಆಪಾ” ಎಂದಳು. ಆಪರೇಷನ್ ಆದ ಕಡೆಯ ಬಲಗೈ ಬಾತುಕೊಂಡಿತ್ತು. ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಅದಕ್ಕೆ ಬಳೆ ಹಾಕುವಂತಿಲ್ಲ, ಸೂಜಿ ಚುಚ್ಚುವಂತಿಲ್ಲ.

“ವೊ ಹಾಥ್ ಛುಟ್ಟೀ ಪೊ ಹೈ” ಎಂದರು ವೈನಿ. ಆ ಕೈ ರಜೆಯ ಮೇಲಿದೆ.

ಬಳೆಯಾಕೆ ನಕ್ಕಳು. ಆಮೇಲೆ ಸೆರಗಿನ ಅಂಚಿನಿಂದ ಇಣುಕುತ್ತಿದ್ದ ಆ ಕೈಯನ್ನು ನೋಡಿ ನಗು ನಿಲ್ಲಿಸಿದಳು. ಬಳೆಗಳನ್ನು ಕಾಗದದಲ್ಲಿ ಸುತ್ತಿ ಕೊಡುವಾಗ ಒಂದೇ ಕೈಗಾಗುವಷ್ಟನ್ನು ಕೊಡಲು ಮನಸ್ಸಾಗದೆ ಎರಡನೆಯ ಕೈಯದನ್ನೂ ಸೇರಿಸಿದಳು. “ಛುಟ್ಟೀ ಖತಮ್ ಹೋಯಿಂಗೀ ಆಪಾ, ತಬ್ ಪೆಹನೋ” ಎಂದಳು. ರಜೆ ಮುಗಿಯುತ್ತದಲ್ಲ, ಆಗ ಹಾಕಿಕೊಳ್ಳಿ.

ಕುತುಬ್‌ಶಾಹಿ ಸುಲ್ತಾನರ ಗೋರಿಗಳ ಬಯಲಿನಲ್ಲಿ ನಾವು ಎರಡು ಮಧ್ಯಾಹ್ನ ಕಳೆದೆವು. ಕಲ್ಲಿನ ಬೋರ್ಡುಗಳನ್ನು ಓದಿ ಹೇಳುವುದು ನನ್ನ ಕೆಲಸ. ಒಬ್ಬೊಬ್ಬ ದೊರೆಯೂ ಬದುಕಿದ್ದಾಗಲೇ ತನ್ನ ಗೋರಿಯನ್ನು ತಾನೇ ಕಟ್ಟಿಸುತ್ತಿದ್ದ ಎಂದು ಓದಿದೆ. ವೈನಿ ಮೆಟ್ಟಿಲ ಮೇಲೆ ಕುಳಿತು, ಬುತ್ತಿಯ ಸಜ್ಜೆ ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಯೋಚಿಸಿದರು.

“ಅಂದ್ರ ದಿನಾ ಸಂಜೀಕ ಬಂದು ನೋಡ್ತಿದ್ನೇನು? ಎಲ್ಲೀ ತನಕ ಬಂತಪಾ ಕೆಲಸ ಅಂತ?”

“ಇರಬೌದ್ರಿ.”

“ಮೇಸ್ತ್ರಿ ಏನಂತಿದ್ದ? ‘ಇನ್ನ ನಾಕ ತಿಂಗಳು ತಡಕೋರಿ ಸಾಹೇಬ್ರ, ಕಟ್ಟೋದು ಮುಗದಿಲ್ಲ’ ಅಂತಿದ್ನೇನು?”

ನಾನು ನಕ್ಕೆ. ನಗಬಾರದಿತ್ತೋ ಏನೋ ಎಂದು ಅನಿಸಿ ಅರ್ಧಕ್ಕೆ ನಿಲ್ಲಿಸಿದೆ. ಅವರು ಆಚೆ ತೋರಿಸಿದರು. ಅಲ್ಲೊಂದು ಗೋರಿ ಮೇಲಿನ ಗುಂಬಜವಿಲ್ಲದೆ ಅರ್ಧಕ್ಕೇ ನಿಂತಿತ್ತು. “ಅದು ನೋಡು. ಆ ಮೇಸ್ತ್ರಿ ಮಾತು ಕೇಳಿಲ್ಲ” ಎಂದರು. ಆಮೇಲೆ ರೊಟ್ಟಿಯ ಚೂರುಗಳನ್ನು ಅಳಿಲಿಗೆ ಹಾಕುತ್ತ ಕುಳಿತರು.

ಗೋಲ್ಕೊಂಡಕ್ಕೆ ಹೋದ ದಿನ ಅವರಿಗೆ ಹತ್ತಲಾಗಲಿಲ್ಲ. ಕೆಳಗಿನ ಬಾಗಿಲಿನ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತದೆ ಎನ್ನುವುದು ನಿಮಗೂ ಗೊತ್ತಿರಬೇಕು, ಅಲ್ಲಿಗೆ ಹೋದವರೆಲ್ಲ ಮಾಡುವ ಕೆಲಸ ಅದು. “ನೀ ಮ್ಯಾಲೆ ಹೋಗು. ನಾ ಇಲ್ಲಿ ಹೊಡೀತೀನಿ. ಕೇಳಸ್ತೈತೋ ಇಲ್ಲೋ ಬಂದು ಹೇಳು” ಎಂದರು. ನಾನು ಏದುಸಿರು ಬಿಡುತ್ತ ತುದಿಗೆ ಹೋದೆ. ಕಿವಿಯನ್ನು ಗಾಳಿಗೆ ಕೊಟ್ಟು ನಿಂತೆ. ಕೆಳಗೆ ಶಾಲೆಯ ಮಕ್ಕಳ ಗುಂಪುಗಳು, ಪ್ರವಾಸಿಗಳು, ಎಲ್ಲರೂ ತಟ್ಟುವವರೇ. ಟಪ್ ಟಪ್ ಎಂದು ಎಷ್ಟೋ ಸದ್ದು ಮೇಲೆ ಬರುತ್ತಿತ್ತು. ಅದರಲ್ಲಿ ಅವರದು ಯಾವುದು? ಒಂದು ಸ್ವಲ್ಪ ನಿಧಾನದ, ಮೆತ್ತನೆಯ ಚಪ್ಪಾಳೆ ಕೇಳಿದಂತಾಯಿತು. ಅದೇ ಎಂದುಕೊಂಡೆ. ಇಳಿದು ಬಂದು, “ಕೇಳಿಸ್ತು ವೈನಿ! ಭಾಳ ಛಂದ ಕೇಳಿಸ್ತು” ಎಂದೆ.

“ಖರೇನ?”

“ಖರೇನರಿ. ಮೂರ್ನಾಕು ಸಲ ಹೊಡದ್ರಲ್ಲ?”

“ಹುಚ್ಚ” ಎಂದರು. “ಈ ಕೈ ಎತ್ತಾಕ ಬರ್ತೈತೇನೋ? ನಾ ಹೊಡದೇ ಇಲ್ಲ.”

ನನ್ನ ಮುಖ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕುಳಿತು, ಎಡಗೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರೆಂಟು ಬಿದ್ದ ಜಾಗ ಉರಿದು ಹಾ ಎಂದರು, ಮತ್ತೆ ನಕ್ಕರು. ಮನೆಗೆ ಬಂದ ಮೇಲೆ ಅಣ್ಣನಿಗೆ ಫೋನಿನಲ್ಲಿ ಅದನ್ನೇ ಹೇಳಿದರು. ಆ ಕಡೆಯಿಂದ ಅಣ್ಣ ನಗುವುದು ನನಗೂ ಕೇಳಿಸಿತು. ಅವನು ನಗುವುದನ್ನು ನಾನು ಕೇಳಿ ತಿಂಗಳುಗಳಾಗಿದ್ದವು.

ಎಲ್ಲ ದಿನವೂ ಹೀಗಿರಲಿಲ್ಲ. ಊರು ಸುತ್ತಿದ ಕತೆ ಹೇಳುವಾಗ ನಕ್ಕ ದಿನಗಳೇ ಮುಂದೆ ನಿಂತು ಉಳಿದವನ್ನು ಮರೆಮಾಡುತ್ತವೆ. ನಾಲ್ಕನೆಯ ವಾರದಿಂದ ಅವರಿಗೆ ನುಂಗುವುದು ಕಷ್ಟವಾಯಿತು. ಬಸ್ಸಿನಲ್ಲಿ ಕುಳಿತಲ್ಲೇ ನಿದ್ದೆ. ಪುರಾನಾಪುಲ್ ಕಡೆ ಹೋಗುತ್ತಿದ್ದಾಗ ಒಂದು ದಿನ ವಾಂತಿ ಬರುವಂತಾಗಿ ಇಳಿದು, ಮೂಸಿ ನದಿಯ ಗೋಡೆಗೆ ಒರಗಿ ಕುಳಿತುಬಿಟ್ಟರು. ನದಿಯಲ್ಲಿ ನೀರಿಗಿಂತ ಕಸವೇ ಹೆಚ್ಚು. ನಾನು ನೀರಿನ ಬಾಟಲಿ ಹಿಡಿದು, ಏನಾದರೂ ಹೇಳಬೇಕಲ್ಲ ಎಂದು, ಆ ಹಳೆಯ ಸೇತುವೆಯ ಕತೆ ಶುರುಮಾಡಿದೆ.

“ಸಾಕು ಬಿಡೋ ಪಂಪ್ಯಾ” ಎಂದರು. ಅವರ ದನಿ ಹಾಗೆ ಏರಿದ್ದನ್ನು ನಾನು ಮೊದಲು ಕೇಳಿರಲಿಲ್ಲ. “ಯಾವ ಸೇತುವಿ, ಯಾವ ಸುಲ್ತಾನ! ಹ್ವಾದೋರ ಮನೀನ ತೋರಸ್ತಿ ದಿನಾ. ನನಗ ಬದುಕಿರೋರು ಬೇಕಾಗ್ಯಾರ. ನನಗ ನನ್ನ ಒಲಿ ಮುಂದ ಕುಂದ್ರಬೇಕಾಗೈತಿ. ನೀ ಏನ್ ತಿಳಕೊಂಡಿ? ಇದೆಲ್ಲಾ ನೋಡ್ಕೋತ ಹೋದ್ರ ನಾ ಮರೀತೀನಿ ಅಂತೇನು?”

ರಸ್ತೆಯಲ್ಲಿ ಹೋಗುವವರು ನಮ್ಮನ್ನು ತಿರುಗಿ ನೋಡಿದರು. ಅವರು ಸೆರಗಿನೊಳಗೆ ಮುಖ ಮುಚ್ಚಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕುಳಿತೆ. ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ಗಾಜಿನ ಆಫೀಸಿನಲ್ಲಾಗಲಿ ಅಂಥ ಹೊತ್ತಿನಲ್ಲಿ ಆಡುವ ಮಾತನ್ನು ಯಾರೂ ನನಗೆ ಕಲಿಸಿರಲಿಲ್ಲ. ಬಸ್ಸುಗಳು ಬಂದವು, ಹೋದವು. ಅವರು ಎದ್ದು ಮುಖ ತೊಳೆದುಕೊಂಡ ಮೇಲೆ ಆಟೊ ಹಿಡಿದು ಮನೆಗೆ ಬಂದೆವು.

ಮರುದಿನ ಕರೆಂಟು ಮುಗಿಸಿ ಹೊರಗೆ ಬಂದಾಗ ನಾನು ಸುಮ್ಮನೆ ನಾರಾಯಣಗೂಡದ ಬಸ್ಸಿನ ಕಡೆ ನಡೆದೆ. ಹಿಂದಿನಿಂದ, “ಪಾಸ್ ತಗಿಯಂಗಿಲ್ಲೇನು?” ಎಂದರು. ತಿರುಗಿ ನೋಡಿದೆ. “ಕ್ವಾಣ್ಯಾಗ ಕುಂತು ಅಳಾಕ ನಾ ಒಲ್ಲೆ. ನಡಿ” ಎಂದರು. ಆ ದಿನ ಕಂಡಕ್ಟರಿಗೆ ಎಪ್ಪತ್ತು ಎಂದು ಹೇಳಿದರು.

ಒಂದು ಮಾತ್ರ ನೋಡಲಾಗಲಿಲ್ಲ. ಅವರು ಮೊದಲ ದಿನವೇ ಕೇಳಿದ್ದು ಆ ಮಮ್ಮಿಯನ್ನು, ಅವರ ಮೇಷ್ಟ್ರು ಹೇಳಿದ ರಾಣಿಯನ್ನು. ಒಂದು ಸಲ ಹೋದಾಗ ಶುಕ್ರವಾರ, ಮ್ಯೂಸಿಯಮ್ಮಿಗೆ ರಜೆ. ಇನ್ನೊಂದು ಸಲ ಆ ಮ್ಯೂಸಿಯಂ ಇರುವ ಪಬ್ಲಿಕ್ ಗಾರ್ಡನ್ನಿನ ಗೇಟಿನ ತನಕ ಹೋಗಿ ಅವರಿಗೆ ತಲೆ ತಿರುಗಿ ವಾಪಸು ಬಂದೆವು. ಅಷ್ಟರಲ್ಲಿ ವಾರಗಳು ಮುಗಿದವು. ಡಾಕ್ಟರು ಎಲ್ಲ ಚೆನ್ನಾಗಿದೆ ಎಂದರು. ಅಣ್ಣ ಬಂದು ಕರೆದುಕೊಂಡು ಹೋದ. ರೈಲಿನ ಕಿಟಕಿಯಿಂದ ವೈನಿ, “ರಾಣೀಗೆ ಹೇಳು, ಮತ್ತ ಬರ್ತೀನಿ ಅಂತ” ಎಂದರು.

ನನಗೂ ಆಫೀಸಿನಿಂದ ಕರೆ ಬಂತು. ಅದು ಕೆಲಸ ಕೊಡುವ ಕರೆಯೇ ಆಗಿತ್ತು. ಮತ್ತೆ ಪ್ಯಾಟ್ ಆದೆ. ಮಾದಾಪುರದಲ್ಲಿ ನಾನಿಲ್ಲದಾಗ ಎರಡು ಬಂಡೆಗಳು ಮಾಯವಾಗಿ ಅಲ್ಲೊಂದು ಹೊಸ ಕಟ್ಟಡ ಎದ್ದಿತ್ತು. ವೈನಿ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದರು. ಕೂದಲು ಬಂದಿದೆ, ಆದರೆ ಗುಂಗುರಾಗಿ ಬಂದಿದೆ, ಓಣಿಯ ಹೆಂಗಸರು ಪಾರ್ಲರಿಗೆ ಹೋಗಿದ್ದೆಯಾ ಎಂದು ಕೇಳುತ್ತಾರೆ ಎಂದರು. ನಾನು ನಂಬಿಬಿಟ್ಟೆ, ಮುಗಿಯಿತು ಎಂದು.

ಮುಂದಿನ ವರ್ಷ ದೀಪಾವಳಿ ಕಳೆದ ಮೇಲೆ ತಪಾಸಣೆಗೆ ಬಂದರು. ಅಣ್ಣನಿಗೆ ಹಬ್ಬದ ವ್ಯಾಪಾರದ ಬಾಕಿ ಕೆಲಸವಿದ್ದುದರಿಂದ ಒಬ್ಬರೇ ರೈಲಿನಲ್ಲಿ ಬಂದಿದ್ದರು. ಬೆನ್ನು ನೋಯುತ್ತದೆ, ಅಷ್ಟೇ, ಗೋದಿ ಬೀಸಿದ್ದಕ್ಕೆ ಇರಬೇಕು ಎಂದರು. ಸ್ಕ್ಯಾನ್ ಆಯಿತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. ಬೆಳಕಿನ ಹಲಗೆಗೆ ಚಿತ್ರವನ್ನು ಸಿಕ್ಕಿಸಿ, ಬೆನ್ನೆಲುಬಿನ ಮೇಲೆ, ಯಕೃತ್ತಿನ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಅವರು ಒಳ್ಳೆಯವರು, ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದರು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದಾಗ ವೈನಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಪಕ್ಕದಾಕೆಯ ಕೂಸಿಗೆ ಚಿಟಿಕೆ ಹೊಡೆದು ಆಡಿಸುತ್ತಿದ್ದರು. ನನ್ನನ್ನು ನೋಡಿದರು. ನಾನು ಮುಖವನ್ನು ಸರಿಮಾಡಿಕೊಂಡು ಬಂದಿದ್ದೇನೆ ಎಂದುಕೊಂಡಿದ್ದೆ.

“ಇವತ್ತ ಯಾವ ವಾರ?” ಎಂದರು.

“ಬುಧವಾರ.”

“ಹಂಗಾರ ಮ್ಯೂಸಿಯಂ ತೆರದಿರತೈತಿ. ನಡಿ, ಪಾಸ್ ತಗಿಯೋಣು.”

ಬಸ್ಸಿನಲ್ಲಿ ಕಂಡಕ್ಟರು ವಯಸ್ಸು ಕೇಳಿದ. “ಮೂವತ್ತೇಳು” ಎಂದರು. ಅದು ಖರೆಯೇ ಆಗಿತ್ತು.

ಆ ಮಮ್ಮಿ ಮ್ಯೂಸಿಯಮ್ಮಿನ ಒಂದು ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ನಾವು ಹೋದಾಗ ಬೇರೆ ಯಾರೂ ಇರಲಿಲ್ಲ. ವೈನಿ ಸೆರಗು ಸರಿಮಾಡಿಕೊಂಡು, ಯಾರ ಮನೆಗೋ ಮಾತಾಡಿಸಲು ಹೋದವರಂತೆ ಮೆಲ್ಲಗೆ ಹತ್ತಿರ ಹೋದರು. ಬಗ್ಗಿ ನೋಡಿದರು. ಜಂತಿ ಮುಟ್ಟುವ ಎತ್ತರವಿಲ್ಲ, ಬಂಗಾರವಿಲ್ಲ. ಕಂದುಬಣ್ಣದ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಮೈ.

“ಇಷ್ಟೇ ಅದಾಳೇನು?” ಎಂದರು. ಇನ್ನಷ್ಟು ಬಗ್ಗಿ, “ಇನ್ನಾ ಹುಡುಗೀನ ಅದಾಳ ಪಾಪ. ಯಾರರೆ ಎಷ್ಟು ಅಕ್ಕರ್ತಿಲೆ ಸುತ್ಯಾರ ನೋಡು” ಎಂದರು.

ಗಾಜಿನ ಮೇಲೆ ಅವರ ಉಸಿರಿನ ಮಂಜು ಕೂತು ಆರಿತು. ನನ್ನ ಕಡೆ ತಿರುಗದೆಯೇ ಮಾತಾಡಿದರು.

“ಡಾಕ್ಟರು ಏನಂದ್ರು ಅಂತ ನಾ ಕೇಳಂಗಿಲ್ಲ. ನೀನೂ ಹೇಳಬ್ಯಾಡ. ನಿನ್ನ ಮಾರಿ ನೋಡಿದ್ನಲ್ಲ, ಆತು.”

“ವೈನಿ…”

“ತಡಿ. ನಿಮ್ಮಣ್ಣಗ ಹೇಳಬೇಕಲ್ಲ, ಅದು ಕಷ್ಟ. ಫೋನಿನ್ಯಾಗ ಹೇಳಬ್ಯಾಡ. ಅಂಗಡ್ಯಾಗ ನಿಂತಾಗ ಹೇಳಬ್ಯಾಡ. ಮನೀಗೆ ಬಂದು, ಕುಂದ್ರಿಸಿ ಹೇಳು. ನಿಂತಿದ್ರ ಆತ ಬೀಳ್ತಾನ. ಗಟ್ಟಿ ಕಾಣಸ್ತಾನ, ಆದ್ರ ಗಟ್ಟಿ ಇಲ್ಲ ಆತ.”

ಹೊರಗೆ ತೋಟದಲ್ಲಿ ಅವರು ಐಸ್‌ಕ್ರೀಮು ಕೇಳಿದರು. ಗಂಟಲಿಗೆ ಆಗದೆಂದು ವರ್ಷದಿಂದ ಬಿಟ್ಟಿದ್ದರು. ಕಲ್ಲುಬೆಂಚಿನ ಮೇಲೆ ಕುಳಿತು, ಕರಗುವ ಮೊದಲು ಮುಗಿಸಬೇಕೆಂಬ ಒಂದೇ ಲಕ್ಷ್ಯದಲ್ಲಿ, ಕಡ್ಡಿ ಬರಿದಾಗುವ ತನಕ ತಿಂದರು. ನನ್ನದು ಕೈಯಲ್ಲೇ ಕರಗಿ ಅಂಗಿಯ ತೋಳಿಗೆ ಇಳಿಯಿತು. “ನಾಕನೇ ಇಯತ್ತೆಯಾಗ ಹೆಂಗ ತಿಂತಿದ್ದೀ, ಹಂಗ ಅದಿ ಇನ್ನೂ” ಎಂದು ತಮ್ಮ ಸೆರಗಿನಿಂದಲೇ ಒರೆಸಿದರು.

ಮರುದಿನ ನಾನೇ ಅವರನ್ನು ರಾಯಚೂರಿಗೆ ಕರೆದುಕೊಂಡು ಹೋದೆ. ಅಣ್ಣ ಸಂಜೆ ಅಂಗಡಿ ಬೇಗ ಮುಚ್ಚಿ ಬಂದ. ವೈನಿ ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತಿದ್ದರು, ಪಾತ್ರೆಯ ಸದ್ದು ಬೇಕೆಂದೇ ಜೋರಾಗಿ ಮಾಡುತ್ತಿದ್ದರು. ಅಣ್ಣ ಚಪ್ಪಲಿ ಬಿಟ್ಟು ನಡುಮನೆಯಲ್ಲಿ ನಿಂತು ನನ್ನನ್ನು ನೋಡಿದ.

“ಅಣ್ಣ, ಕುಂದ್ರು” ಎಂದೆ.

ಅಷ್ಟೇ ಹೇಳಿದ್ದು ನಾನು. ನಮ್ಮ ಮನೆಯಲ್ಲಿ ಕಿರಿಯರು ಹಿರಿಯರಿಗೆ ಕುಂದ್ರು ಎಂದು ಹೇಳುವ ರೂಢಿ ಇಲ್ಲ. ಅವನು ಕುಳಿತ. ಆಮೇಲೆ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಅಡುಗೆಮನೆಯ ಸದ್ದು ನಿಂತಿತು.

ವೈನಿ ಯುಗಾದಿಯ ಮೊದಲೇ ಹೋದರು. ನಾನು ಹೈದರಾಬಾದಿನಿಂದ ಬಂದು ತಲುಪಿದಾಗ ಓಣಿಯಲ್ಲಿ ಜನ ನೆರೆದಿದ್ದರು. ಆ ದಿನದ ಬಗ್ಗೆ ಬರೆಯುವುದಿಲ್ಲ. ಅಲ್ಲಿಂದ ಮುಂದೆ ನನಗೆ ಹೈದರಾಬಾದಿನಲ್ಲಿ ಗೋಲ್ಕೊಂಡದ ಕಡೆಯ ಬಸ್ಸು ಎದುರಿಗೆ ಬಂದರೂ ಆಗುತ್ತಿರಲಿಲ್ಲ. ಆಫೀಸಿಗೆ ಬರುವ ವಿದೇಶದವರಿಗೆ ಊರು ತೋರಿಸುವ ಪಾಳಿ ನನ್ನದಾದರೆ ಬೇರೆಯವರಿಗೆ ಕೊಡುತ್ತಿದ್ದೆ. ಹಳೇ ಊರಿನವರ ಬಾಯಲ್ಲಿ ಆಪಾ ಎನ್ನುವ ಮಾತು ಕೇಳಿದರೆ ರಸ್ತೆ ಬದಲಿಸುತ್ತಿದ್ದೆ.

ವರ್ಷದ ಕಾರ್ಯ ಮುಗಿದ ಮೇಲೆ ಅಣ್ಣ ಹೈದರಾಬಾದಿಗೆ ಬಂದ. ಕೋಠಿಯಲ್ಲಿ ಅಂಗಡಿಗೆ ಮಾಲು ಕೊಳ್ಳಲು ಬರುವುದು ಅವನ ಹಳೆಯ ಪದ್ಧತಿ. ಬಂದ ದಿನವೇ ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದ. ಈ ಸಲ ಮಾಲನ್ನು ಲಾರಿ ಆಫೀಸಿಗೆ ಹಾಕಿ ನನ್ನ ಮನೆಗೆ ಬಂದ, ಉಂಡ, ಮಲಗಿದ. ಬೆಳಿಗ್ಗೆ ಚಹಾ ಕುಡಿದು ಲೋಟವನ್ನು ಕೆಳಗಿಟ್ಟು, “ಆಕಿಗೆ ಏನೇನು ತೋರ್ಸಿದ್ದಿ?” ಎಂದ.

ಹೇಳಿದೆ.

“ನನಗೂ ತೋರ್ಸು.”

ನಾನು ರಜೆ ಹಾಕಿದೆ. ಮೊದಲು ಮೂಸಿಯ ದಂಡೆಯ ದೊಡ್ಡ ಮ್ಯೂಸಿಯಮ್ಮಿಗೆ ಹೋದೆವು. ಮಮ್ಮಿ ಇರುವುದು ಬೇರೆ, ಇದಕ್ಕೆ ವೈನಿಯನ್ನು ಕರೆಂಟಿನ ದಿನಗಳಲ್ಲಿ ಒಮ್ಮೆ ಕರೆತಂದಿದ್ದೆ. ಅಲ್ಲಿ ಒಂದು ದಿನಕ್ಕೆ ಮುಗಿಯದಷ್ಟು ಕೋಣೆಗಳು. ಅಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದ. ಕತ್ತಿ, ಪಿಂಗಾಣಿ, ದಂತದ ಕುರ್ಚಿ, ಯಾವುದರ ಮುಂದೆಯೂ ನಿಲ್ಲಲಿಲ್ಲ. ಪ್ರತಿ ಕೋಣೆಯಲ್ಲೂ ಒಂದೇ ಪ್ರಶ್ನೆ. “ಇಲ್ಲಿ ಆಕಿ ಏನ್ ನೋಡಿದ್ಲು?” ನನಗೆ ನೆನಪಿದ್ದದ್ದನ್ನು ತೋರಿಸಿದೆ. ಅಮೃತಶಿಲೆಯ ಒಂದು ಹೆಣ್ಣುಮೂರ್ತಿ ಇತ್ತು. ಮುಖದ ಮೇಲಿನ ತೆಳು ಮುಸುಕು ಕೂಡ ಕಲ್ಲಿನದೇ. “ಇದರ ಮುಂದೆ ಭಾಳ ಹೊತ್ತು ನಿಂತಿದ್ರು. ಈಕಿ ಸೆರಗು ಗಾಳೀಗೆ ಹಾರಂಗಿಲ್ಲ, ಪುಣ್ಯಾತಿಗಿತ್ತಿ ಅಂದಿದ್ರು” ಎಂದೆ. ಅಣ್ಣ ಅದರ ಮುಂದೆ ನಿಂತ. ಬಟ್ಟೆ ವ್ಯಾಪಾರದವನು, ಆ ಮುಸುಕಿನ ನೆರಿಗೆಗಳನ್ನು ಬೇರೆಯವರಿಗಿಂತ ಚೆನ್ನಾಗಿ ನೋಡಿರಬೇಕು ಎಂದುಕೊಂಡೆ. ಅವನು ನೋಡುತ್ತಿದ್ದದ್ದು ಮೂರ್ತಿಯ ಮುಂದಿನ ನೆಲವನ್ನು, ನಿಂತು ನೋಡುವವರ ಕಾಲು ಇರುವ ಜಾಗವನ್ನು.

ಇನ್ನೆರಡು ಕೋಣೆ ದಾಟಿ ಒಂದು ಬಾಗಿಲಿಗೆ ಬಂದೆವು. ನಾನು ನಿಂತೆ.

“ಯಾಕ?” ಎಂದ ಅಣ್ಣ.

“ಅವತ್ತು ಇಲ್ಲೀ ತನಕ ಬಂದ್ವಿ. ಕಾಲು ಸೋತಿದ್ವು ಅವರಿಗೆ. ಇಲ್ಲಿಂದ ತಿರುಗಿದ್ವಿ.”

ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಕಾವಲುಗಾರ ನಾವು ಹಿಂಜರಿಯುತ್ತಿದ್ದೇವೆಂದುಕೊಂಡು, “ಜಾವ್ ಸಾಬ್, ಅಂದರ್ ಔರ್ ಬಹುತ್ ಹೈ” ಎಂದ. ಆಚೆ ಉದ್ದಕ್ಕೆ ಕೋಣೆಯ ನಂತರ ಕೋಣೆ, ದೀಪಗಳು, ಗಾಜಿನ ಕಪಾಟುಗಳು ಕಾಣುತ್ತಿದ್ದವು. ಅಣ್ಣ ಹೊಸ್ತಿಲಿನಲ್ಲೇ ನಿಂತು ಒಮ್ಮೆ ಅದನ್ನೆಲ್ಲ ನೋಡಿದ.

“ಹೋಗೋಣೇನು? ಒಳಗ ಭಾಳ ಛಂದ ಐತಂತ” ಎಂದೆ.

“ಆಕಿ ನೋಡಲಾರದ್ದು ನನಗ ಬ್ಯಾಡ” ಎಂದು ಅಣ್ಣ ಬೆನ್ನು ತಿರುಗಿಸಿ, ಕಾಲು ಸೋತವರು ನಡೆಯುವ ಹಾಗೆ ನಿಧಾನವಾಗಿ, ಬಂದ ದಾರಿಯಲ್ಲೇ ಹೊರಟ.
</pi​ece>